ಮನೆಗೆ ಬಂದ ಮೇಲೂ ಟೇಪು ಬೇಕು

ಮಗು, ಬೋನ್ ಮ್ಯಾರೋ ಕಸಿ ಮಾಡಿಸಿಕೊಂಡು ಒಂದೆರಡು ವರ್ಷ ದಾಟಿದವರು ಯಾರೇ ಸಿಕ್ಕಲಿ, ನಾನು ಅವರ ತೂಕ ಕೇಳುವುದಿಲ್ಲ. ಪ್ಯಾಂಟು ಹೊಟ್ಟೆಯ ಹತ್ತಿರ ಬಿಗಿಯಾಗಿ ತೊಡೆಯ ಹತ್ತಿರ ಸಡಿಲವಾಗಿದೆಯಾ ಅಂತ ಕೇಳುತ್ತೇನೆ. ಹೌದು ಅನ್ನುವವರು ಕಡಿಮೆಯೇನಿಲ್ಲ. ಅವರಿಗೆ ಹೇಳುವ ಮಾತನ್ನೇ ನಿನಗೂ ಹೇಳಬೇಕು ಅಂತ ಕೂತಿದ್ದೇನೆ. ನಿನ್ನ ಕಾಯಿಲೆ ಗುಣವಾಗಿದೆ, ತಲೆಯಲ್ಲಿ ಕೂದಲು ಬಂದಿದೆ, ಬಿಟ್ಟುಹೋಗಿದ್ದ ಓದನ್ನು ಮತ್ತೆ ಹಿಡಿದಿದ್ದೀಯ. ಈ ಹೊತ್ತಿನಲ್ಲಿ ಹೃದಯದ ಮಾತು ಎತ್ತಿದರೆ ನಿನಗೆ ಹಿಡಿಸಲಿಕ್ಕಿಲ್ಲ. ಆದರೆ ಎತ್ತಬೇಕಾದ ಹೊತ್ತು ಇದೇ. ನಲವತ್ತಾಗಲಿ, ಆಮೇಲೆ ನೋಡೋಣ ಅನ್ನುವ ಸೌಕರ್ಯ ಕಸಿಯಾದವರಿಗೆ ಇಲ್ಲ.

ಕಸಿ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ವಾರ್ಡಿನ ಬೆಳಗುಗಳು ನಿನಗೂ ನೆನಪಿರಬೇಕು. ಎದ್ದ ಕೂಡಲೇ ತೂಕ, ಆಮೇಲೆ ಹೊಟ್ಟೆಯ ಸುತ್ತ ಟೇಪು. ಮೊದಲ ದಿನವೇ ಹೊಟ್ಟೆಯ ಎರಡೂ ಪಕ್ಕಕ್ಕೆ ಪೆನ್ನಿನಲ್ಲಿ ಗುರುತು ಹಾಕಿರುತ್ತಿದ್ದೆವು. ಹಗಲು ಪಾಳಿಯವರು ಹೊಕ್ಕುಳ ಮೇಲೆ, ರಾತ್ರಿ ಪಾಳಿಯವರು ಅದರ ಕೆಳಗೆ ಅಳೆದರೆ ಎರಡು ಸೆಂಟಿಮೀಟರು ಸುಮ್ಮನೆ ಹೆಚ್ಚುಕಡಿಮೆಯಾಗುತ್ತದೆ. ಅಲ್ಲಿ ಆ ಎರಡು ಸೆಂಟಿಮೀಟರಿಗೆ ಬೆಲೆಯಿದೆ. ಕಸಿಗೆ ಮುಂಚೆ ಕೊಡುವ ಭಾರಿ ಕೀಮೋದಿಂದ ಪಿತ್ತಜನಕಾಂಗದ ಸಣ್ಣ ರಕ್ತನಾಳಗಳು ಕಟ್ಟಿಕೊಂಡರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ತೂಕ ಶೇಕಡಾ 5ರಷ್ಟೋ ಅದಕ್ಕಿಂತ ಹೆಚ್ಚೋ ಏರುತ್ತದೆ, ಬಲಪಕ್ಕೆಯ ಕೆಳಗೆ ನೋವು ಬರುತ್ತದೆ, ಕಣ್ಣು ಹಳದಿಯಾಗುತ್ತದೆ. ಕಣ್ಣು ಹಳದಿಯಾಗುವ ಮುಂಚೆಯೇ ಟೇಪು ಅದನ್ನು ಹಿಡಿದುಕೊಡುವುದುಂಟು. ಅದಕ್ಕೇ ಅಷ್ಟು ಕಟ್ಟುನಿಟ್ಟು.

ಡಿಸ್ಚಾರ್ಜ್ ಆದ ದಿನ ಆ ಟೇಪು ವಾರ್ಡಿನಲ್ಲೇ ಉಳಿಯುತ್ತದೆ. ಮನೆಗೆ ಹೋದ ಮೇಲೆ ಹೊಟ್ಟೆ ಅಳೆಯುವವರು ಯಾರೂ ಇಲ್ಲ. ಓಪಿಡಿಯಲ್ಲಿ ತೂಕ ನೋಡುತ್ತಾರೆ, ರಕ್ತ ತೆಗೆಯುತ್ತಾರೆ, ಪ್ಲೇಟ್‌ಲೆಟ್ ಎಷ್ಟು ಅಂತ ಕೇಳಿಕೊಂಡು ನೀವು ಬಸ್ಸು ಹತ್ತುತ್ತೀರಿ. ನನ್ನ ತಕರಾರು ಇಲ್ಲೇ ಇರುವುದು. ವಾರ್ಡಿನಲ್ಲಿ ಆ ಟೇಪು ಕೆಲವೇ ವಾರ ನೀರನ್ನು ಕಾಯುತ್ತಿತ್ತು. ಮನೆಯಲ್ಲಿ ಅದು ಕೊಬ್ಬನ್ನು ಕಾಯಬೇಕು, ವರ್ಷಗಟ್ಟಲೆ ಕಾಯಬೇಕು.

ತೂಕದ ಯಂತ್ರ ಯಾಕೆ ಸಾಲದು ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. 170 ಸೆಂಟಿಮೀಟರ್ ಎತ್ತರದ ಹುಡುಗನೊಬ್ಬ ಇದ್ದಾನೆ ಅಂದುಕೋ. ಕಾಯಿಲೆಗೆ ಮುಂಚೆ 63 ಕಿಲೊ ಇದ್ದ. ಬಾಯಿಹುಣ್ಣು, ವಾಂತಿ, ಜ್ವರ, ವಾರಗಟ್ಟಲೆ ಮಂಚ ಇವೆಲ್ಲ ಸೇರಿ 52ಕ್ಕೆ ಇಳಿದ. ಎರಡು ವರ್ಷದ ಮೇಲೆ ಮತ್ತೆ 63ಕ್ಕೆ ಬಂದ. ಮನೆಯವರಿಗೆ ಹಿಗ್ಗು, ಹಳೇ ತೂಕಕ್ಕೆ ಬಂದನಲ್ಲ ಅಂತ. ಬಿಎಂಐ 21.8, ಪಟ್ಟಿಯ ಪ್ರಕಾರ ನಾರ್ಮಲ್. ಆದರೆ ಅವನು ಕಳೆದುಕೊಂಡದ್ದರಲ್ಲಿ ತೊಡೆ, ತೋಳು, ಬೆನ್ನಿನ ಮಾಂಸಖಂಡ ಬೇಕಾದಷ್ಟಿತ್ತು. ವಾಪಸು ಬಂದದ್ದರಲ್ಲಿ ಹೆಚ್ಚಿನ ಪಾಲು ಹೊಟ್ಟೆಯ ಕೊಬ್ಬು. ಟೇಪು ಸುತ್ತಿದರೆ 92 ಸೆಂಟಿಮೀಟರು. ತೂಕ ಅದೇ, ಮೈ ಬೇರೆ. ಅವನ ಹೃದಯಕ್ಕೆ ಬರಬಹುದಾದ ಅಪಾಯವೂ ಬೇರೆ.

ಬಿಎಂಐ ಲೆಕ್ಕ ಹುಟ್ಟಿದ್ದು ಹೇಗೆ ಅಂತ ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಕಿಲೊದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆಯದು, 1830ರ ದಶಕದ್ದು. ಆತ ವೈದ್ಯನಲ್ಲ. ಖಗೋಳ, ಸಂಖ್ಯಾಶಾಸ್ತ್ರ ಬಲ್ಲವನು, ಸರಾಸರಿ ಮನುಷ್ಯ ಹೇಗಿರುತ್ತಾನೆ ಅಂತ ಹುಡುಕುತ್ತಿದ್ದವನು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರು ಕೊಟ್ಟಾಗಲೂ ನೋಡುತ್ತಿದ್ದದ್ದು ಗುಂಪುಗಳನ್ನು. ಸಾವಿರಾರು ಜನರನ್ನು ಒಟ್ಟಿಗೆ ತೂಗಿ ನೋಡಲು ಅದು ಒಳ್ಳೆಯ ಸಾಧನವೇ. ಒಬ್ಬನ ಮೈಯಲ್ಲಿ ಮಾಂಸ ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಎಲ್ಲಿ ಕೂತಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ನಮ್ಮ ದೇಶದವರ ಮಟ್ಟಿಗಂತೂ ಇದು ಕಸಿಯಿಲ್ಲದೆಯೂ ನಿಜ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಮೈಯ ಲೆಕ್ಕ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಎಕ್ಸ್‌ರೇ ಯಂತ್ರದಲ್ಲಿ ಕೊಬ್ಬು ಅಳೆದಾಗ ಯುಡ್ಕಿನ್ನರದು ಶೇಕಡಾ 9.1, ಯಾಜ್ಞಿಕರದು 21.2. ಎರಡು ಪಟ್ಟಿಗಿಂತ ಹೆಚ್ಚು! ನಮ್ಮವರು ಬಟ್ಟೆಯೊಳಗೆ ಸಣ್ಣಗೆ ಕಾಣುತ್ತಾರೆ, ಕೊಬ್ಬು ಒಳಗೆ ಹೊಟ್ಟೆಯಲ್ಲಿ ಅವಿತಿರುತ್ತದೆ. ಅದಕ್ಕೇ ಭಾರತೀಯರಿಗೆ ಬಿಎಂಐ 25 ಅಲ್ಲ, 23 ದಾಟಿದರೇ ತೂಕ ಹೆಚ್ಚು ಅಂತ ಲೆಕ್ಕ. 25 ಮುಟ್ಟಿದರೆ ಬೊಜ್ಜು. ಹೊಟ್ಟೆಯ ಸುತ್ತಳತೆಯ ಗೆರೆ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80. ಓಪಿಡಿ ಗೋಡೆಯ ಮೇಲೆ ವಿದೇಶದ ಪಟ್ಟಿ ತೂಗುಹಾಕಿದ್ದರೆ ಅದನ್ನು ನೋಡಿ ಸಮಾಧಾನಪಡಬೇಡ.

ಹೊಟ್ಟೆಗೂ ಹೃದಯಕ್ಕೂ ಇರುವ ನಂಟನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್. ಅವರ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳ 27,000ಕ್ಕೂ ಹೆಚ್ಚು ಜನರ ಮೈಯಳತೆ ನೋಡಿತು. 2005ರಲ್ಲಿ ಬಂದ ಅದರ ವರದಿಯ ಪ್ರಕಾರ, ಯಾರಿಗೆ ಹೃದಯಾಘಾತವಾಗಬಹುದು ಅಂತ ಹೇಳುವುದರಲ್ಲಿ ಬಿಎಂಐಗಿಂತ ಹೊಟ್ಟೆ ಮತ್ತು ಸೊಂಟದ ಸುತ್ತಳತೆಗಳ ಅನುಪಾತ ಬಹಳ ಮುಂದಿತ್ತು. ಅದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53, ಉಳಿದವರಿಗೆ 58.8. ಅಂದರೆ ನಾವು ಮೊದಲೇ ಐದಾರು ವರ್ಷ ಮುಂದೆ ಇದ್ದೇವೆ, ಇರಬಾರದ ಕಡೆ. ಅದರ ಮೇಲೆ ಕಸಿಯ ಭಾರ.

ಆ ಭಾರ ಏನು ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದನ್ನು ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಯಾರೂ ಕೂತು ವಿವರಿಸುವುದಿಲ್ಲ.

ಕಸಿಗೆ ಮುಂಚೆಯೇ ಹೃದಯಕ್ಕೆ ಒಂದು ಪೆಟ್ಟು ಬಿದ್ದಿರುತ್ತದೆ. ರಕ್ತದ ಕ್ಯಾನ್ಸರಿಗೆ ಕೊಡುವ ಕೆಂಪು ಬಣ್ಣದ ಕೀಮೋ, ಡಾನೊರುಬಿಸಿನ್, ಡಾಕ್ಸೊರುಬಿಸಿನ್ ಜಾತಿಯದು, ಹೃದಯದ ಸ್ನಾಯುವನ್ನು ನಿಧಾನವಾಗಿ ಬಲಗುಂದಿಸಬಲ್ಲದು. ಎಷ್ಟು ಹೆಚ್ಚು ಒಟ್ಟು ಪ್ರಮಾಣವೋ ಅಷ್ಟು ಹೆಚ್ಚು ಅಪಾಯ. ಡಾಕ್ಸೊರುಬಿಸಿನ್ ಲೆಕ್ಕದಲ್ಲಿ ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ಮುಟ್ಟಿದವರನ್ನು ವಿಶೇಷವಾಗಿ ಕಾಯಬೇಕು ಅನ್ನುತ್ತಾರೆ. ಆಮೇಲೆ ಕಸಿಗೆ ಸಿದ್ಧಮಾಡುವಾಗ ಕೆಲವರಿಗೆ ಇಡೀ ಮೈಗೆ ರೇಡಿಯೇಷನ್ ಕೊಡುತ್ತಾರೆ. ಅದು ಮಜ್ಜೆಯ ಜೊತೆಗೆ ಥೈರಾಯ್ಡ್ ಗ್ರಂಥಿಯನ್ನು, ಅಂಡಾಶಯವನ್ನು, ಮಿದುಳಿನ ಕೆಳಗಿರುವ ಪಿಟ್ಯೂಟರಿಯನ್ನು, ರಕ್ತನಾಳಗಳ ಒಳಗೋಡೆಯನ್ನು, ಚರ್ಮದಡಿಯ ಕೊಬ್ಬಿನ ಕೋಶಗಳನ್ನೂ ಮುಟ್ಟುತ್ತದೆ. ಚರ್ಮದಡಿಯ ಕೊಬ್ಬು ಮೈಗೆ ಬೇಕಾದದ್ದು ಮಗು. ಕೈಕಾಲು, ಪೃಷ್ಠಗಳಲ್ಲಿ ಅದು ಕಡಿಮೆಯಾದರೆ, ಕೂಡಿಡಲು ಜಾಗವಿಲ್ಲದ ಕೊಬ್ಬು ಹೊಟ್ಟೆಯೊಳಗೂ ಪಿತ್ತಜನಕಾಂಗದಲ್ಲೂ ಹೋಗಿ ಕೂರುತ್ತದೆ. ಚಿಕ್ಕವರಾಗಿದ್ದಾಗ ಕಸಿಯಾದ ಕೆಲವರಲ್ಲಿ ತೆಳ್ಳನೆಯ ಕೈಕಾಲು, ಮುಂದೆ ಬಂದ ಹೊಟ್ಟೆ ಕಾಣುವುದು ಇದರಿಂದ.

ಇನ್ನು ಸ್ಟಿರಾಯ್ಡ್. ದಾನಿಯ ಕೋಶಗಳು ನಿನ್ನ ಚರ್ಮ, ಕರುಳು, ಪಿತ್ತಜನಕಾಂಗದ ಮೇಲೆ ತಿರುಗಿಬೀಳುವ ಜಿವಿಎಚ್‌ಡಿಗೆ ಇವತ್ತಿಗೂ ಮೊದಲ ಔಷಧಿ ಅದೇ. ಎಷ್ಟೋ ಜೀವ ಉಳಿಸಿದ ಮಾತ್ರೆ ಅದು, ಬೈಯಬಾರದು. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡಾಗ ತೊಡೆಯ ಮತ್ತು ಭುಜದ ಮಾಂಸಖಂಡ ಕರಗುತ್ತದೆ, ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಶುಗರ್ ಏರುತ್ತದೆ. ಅದರ ಜೊತೆಗಿನ ಸೈಕ್ಲೋಸ್ಪೊರಿನ್ ಬಿಪಿಯನ್ನೂ ಕೊಲೆಸ್ಟ್ರಾಲನ್ನೂ ಏರಿಸುತ್ತದೆ, ಟ್ಯಾಕ್ರೊಲಿಮಸ್ ಸಕ್ಕರೆ ಕಾಯಿಲೆ ತರಬಲ್ಲದು. ನೆಲದಿಂದ ಕೈಯೂರದೆ ಏಳಲು ಆಗುತ್ತಿಲ್ಲ, ಬಸ್ಸಿನ ಮೊದಲ ಮೆಟ್ಟಿಲಿಗೆ ಕಂಬಿ ಹಿಡಿದೇ ಹತ್ತಬೇಕು ಅಂತ ಹುಡುಗರು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಅದು ಸೋಮಾರಿತನ ಅಲ್ಲ. ತೊಡೆ ಬಡವಾಗಿದೆ.

ತೊಡೆ ಬಡವಾದರೆ ಹೃದಯಕ್ಕೇನು ಅಂತ ಕೇಳಬಹುದು. ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಗೆ ಮಾಂಸಖಂಡವೇ ಕಣಜ. ಕಣಜ ಚಿಕ್ಕದಾದರೆ ಸಕ್ಕರೆ ಹೊರಗೇ ಉಳಿಯುತ್ತದೆ, ಅದನ್ನು ಒಳಗೆ ನೂಕಲು ಮೈ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಉಳಿದದ್ದು ಟ್ರೈಗ್ಲಿಸರೈಡ್ ಅನ್ನುವ ಕೊಬ್ಬಾಗಿ ಹೊಟ್ಟೆ ಸೇರುತ್ತದೆ. ಫಿನ್‌ಲ್ಯಾಂಡಿನ ವೈದ್ಯರು ಚಿಕ್ಕಂದಿನಲ್ಲಿ ಕಸಿಯಾಗಿದ್ದ 23 ಮಂದಿಯನ್ನು ಪರೀಕ್ಷಿಸಿ 2000ದಲ್ಲಿ ಬರೆದಿದ್ದರು. ಒಂಬತ್ತು ಮಂದಿಯಲ್ಲಿ ಇನ್ಸುಲಿನ್ನೂ ಟ್ರೈಗ್ಲಿಸರೈಡೂ ಎರಡೂ ಹೆಚ್ಚಿದ್ದವು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಅವರಲ್ಲಿ ಹೊಟ್ಟೆಯ ಕೊಬ್ಬು ಸಾಮಾನ್ಯವಾಗಿತ್ತು, ಅತಿತೂಕ ಸಾಮಾನ್ಯವಾಗಿರಲಿಲ್ಲ. ನಾನು ಇಷ್ಟುದ್ದ ಹೇಳುತ್ತಿರುವುದೆಲ್ಲ ಆ ಒಂದು ಫಲಿತಾಂಶದಲ್ಲಿದೆ. ತೂಕ ನೋಡಿ ಬಿಟ್ಟಿದ್ದರೆ ಅವರು ಆರೋಗ್ಯವಂತರ ಪಟ್ಟಿಗೇ ಹೋಗುತ್ತಿದ್ದರು.

ಹೊಟ್ಟೆಯ ಬೊಜ್ಜು, ಬಿಪಿ, ಶುಗರ್, ಟ್ರೈಗ್ಲಿಸರೈಡ್, ಕಡಿಮೆಯಾದ ಒಳ್ಳೆಯ ಕೊಲೆಸ್ಟ್ರಾಲ್ ಇವುಗಳಲ್ಲಿ ಮೂರು ಸೇರಿದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ಕಸಿಯಾದವರಲ್ಲಿ ಬೇರೆ ಬೇರೆ ಅಧ್ಯಯನಗಳು ಇದನ್ನು ಶೇಕಡಾ 31ರಿಂದ 49ರಷ್ಟು ಮಂದಿಯಲ್ಲಿ ಕಂಡಿವೆ. ಮೂವರಲ್ಲಿ ಒಬ್ಬರು ಅಂತ ಇಟ್ಟುಕೊಂಡರೂ ಸಣ್ಣ ಸಂಖ್ಯೆಯಲ್ಲ. ದಾನಿಯಿಲ್ಲದೆ ತಮ್ಮದೇ ಆಕರಕೋಶ (ಸ್ಟೆಮ್ ಸೆಲ್) ಹಾಕಿಸಿಕೊಂಡವರಿಗೆ ಜಿವಿಎಚ್‌ಡಿಯ ಕಾಟವಿಲ್ಲ, ಆದರೂ ಅವರು ಪೂರ್ತಿ ಹೊರಗಲ್ಲ. ಲಿಂಫೋಮಾದವರಿಗೆ ಕೆಂಪು ಕೀಮೋ ಹೋಗಿರುತ್ತದೆ, ಕೆಲವರಿಗೆ ಎದೆಗೆ ರೇಡಿಯೇಷನ್ ಕೂಡ. ಥಲಸ್ಸೇಮಿಯಾಕ್ಕಾಗಿ ಕಸಿಯಾದ ಮಕ್ಕಳ ಕತೆ ಬೇರೆ: ವರ್ಷಗಟ್ಟಲೆ ಏರಿಸಿದ ರಕ್ತದ ಕಬ್ಬಿಣ ಹೃದಯದಲ್ಲೂ ಪಿತ್ತಜನಕಾಂಗದಲ್ಲೂ ಉಳಿದಿರಬಹುದು, ಕಸಿಯ ನಂತರ ಆಗಾಗ ರಕ್ತ ತೆಗೆದೋ ಮಾತ್ರೆ ಕೊಟ್ಟೋ ಅದನ್ನು ಇಳಿಸಬೇಕು. ಆ ಕಬ್ಬಿಣದ ಮಟ್ಟ ತೋರಿಸುವ ಫೆರಿಟಿನ್ ಎಷ್ಟಿದೆ ಅಂತ ಅವರು ಕೇಳುತ್ತಲೇ ಇರಬೇಕು.

ಇದನ್ನೆಲ್ಲ ಕೇಳಿ ಎದೆಗುಂದಬೇಡ. ನಮ್ಮ ದೇಶದಲ್ಲಿ ಮೊದಲ ಬೋನ್ ಮ್ಯಾರೋ ಕಸಿ ಆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಮೂರು ವರ್ಷದ ಮೇಲೆ ವೆಲ್ಲೂರಿನ ಸಿಎಂಸಿಯಲ್ಲಿ ಶುರುವಾಯಿತು. ಆಗೆಲ್ಲ ಪ್ರಶ್ನೆ ಇದ್ದದ್ದು ನೂರು ದಿನ ದಾಟುತ್ತಾರಾ ಅಂತ. ಎರಡು ವರ್ಷ ಕಾಯಿಲೆ ಮರುಕಳಿಸದೆ ದಾಟಿದ, ದಾನಿಯ ಮಜ್ಜೆ ಪಡೆದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದ 2011ರ ಅಧ್ಯಯನವೊಂದರಲ್ಲಿ, ಕಸಿಯಾಗಿ ಹತ್ತು ವರ್ಷಕ್ಕೆ ಬದುಕಿರುವ ಸಾಧ್ಯತೆ ಶೇಕಡಾ 85 ಇತ್ತು. ಬದುಕು ಉದ್ದವಾದದ್ದರಿಂದಲೇ ಹೃದಯದ ಪ್ರಶ್ನೆ ಮುಂದೆ ಬಂದಿರುವುದು. ಜೊತೆಗೆ, ರೇಡಿಯೇಷನ್ ಆಗಿ ಹೋದದ್ದನ್ನು ವಾಪಸು ಪಡೆಯಲಾಗದು, ಹೊಟ್ಟೆಯನ್ನೂ ಬಿಪಿಯನ್ನೂ ಇಳಿಸಬಹುದು. ಕೆಂಪು ಕೀಮೋ ತೆಗೆದುಕೊಂಡ ಹೃದಯಕ್ಕೆ ಮೇಲಿನಿಂದ ಬಿಪಿ ಸೇರಿದಾಗಲೇ ಅದು ಸೋಲುವ ಸಾಧ್ಯತೆ ಹೆಚ್ಚು. ಹಾಗಾಗಿ ನಿನ್ನ ಕೈಯಲ್ಲಿರುವುದು ಸಣ್ಣ ಪಾಲೇನಲ್ಲ.

ಈಗ ಅಳೆಯುವುದು ಹೇಗೆ ಅಂತ ಕೇಳು. ದರ್ಜಿಯ ಟೇಪು ಸಾಕು, ಆದರೆ ಹಳೇದು ಬೇಡ. ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗಿರುತ್ತದೆ. ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು 30 ಸೆಂಟಿಮೀಟರು ಸರಿಯಾಗಿ ಕೂರುತ್ತದಾ ನೋಡು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಶೌಚ ಮುಗಿಸಿ, ಬರೀ ಮೈಯಲ್ಲಿ ಕನ್ನಡಿಯ ಮುಂದೆ ನಿಲ್ಲು. ಪಕ್ಕೆಲುಬುಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಬೆರಳಲ್ಲಿ ಹುಡುಕು, ಅದರ ನೇರ ಕೆಳಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಇವೆರಡರ ನಡುಮಧ್ಯ ಟೇಪಿನ ಜಾಗ. ವಾರ್ಡಿನಲ್ಲಿ ನಾವು ಮಾಡುತ್ತಿದ್ದ ಹಾಗೆ ಎರಡೂ ಪಕ್ಕಕ್ಕೆ ಪೆನ್ನಿನಲ್ಲಿ ಚುಕ್ಕಿ ಇಟ್ಟುಕೋ. ಟೇಪು ಹಿಂದೆ ಜಾರದೆ ನೆಲಕ್ಕೆ ಸಮನಾಗಿರಲಿ, ಚರ್ಮವನ್ನು ಒತ್ತದಿರಲಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿಕೋ. ಹೊಟ್ಟೆ ಒಳಗೆಳೆಯಬೇಡ. ಎರಡು ಸಲ ಅಳೆದು, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆ.

ಪ್ಯಾಂಟಿನ ನಂಬರನ್ನಂತೂ ನಂಬಬೇಡ. ಹೊಟ್ಟೆ ಬಂದ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಹಾಕಿಕೊಂಡು 32ರಲ್ಲೇ ಇದ್ದೇನೆ ಅನ್ನುತ್ತಾರೆ. ಉಡದಾರದ ಕತೆಯೂ ಅಷ್ಟೆ. ಅದು ಮೂಳೆಯ ಮೇಲೆ ಜಾರಿ ಕೂರುತ್ತದೆ, ಹೊಟ್ಟೆ ಅದರ ಮೇಲೆ ಬೆಳೆಯುತ್ತದೆ.

ಗಂಡಸರಿಗೆ 90, ಹೆಂಗಸರಿಗೆ 80 ಅನ್ನುವುದನ್ನು ಆಗಲೇ ಹೇಳಿದೆ. ಅದಕ್ಕಿಂತ ಸುಲಭದ ಲೆಕ್ಕ ಒಂದಿದೆ: ಹೊಟ್ಟೆಯ ಸುತ್ತಳತೆ ನಿನ್ನ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. 152 ಸೆಂಟಿಮೀಟರು ಎತ್ತರದ ಹುಡುಗಿಗೆ 76, ಆ 170ರ ಹುಡುಗನಿಗೆ 85. ಅವನ 92 ಎಷ್ಟು ಮೇಲಿದೆ ನೋಡು. ಆದರೆ ನನ್ನ ಅನುಭವದಲ್ಲಿ ಗೆರೆಗಿಂತ ಚಲನೆ ಮುಖ್ಯ. ಹೋದ ವರ್ಷ 74 ಇದ್ದದ್ದು ಈ ವರ್ಷ 81 ಆದರೆ, ಇನ್ನೂ 90 ಆಗಿಲ್ಲವಲ್ಲ ಅಂತ ಕಾಯುತ್ತ ಕೂರಬಾರದು. ತಿಂಗಳಿಗೊಮ್ಮೆ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆ. ದಿನಾ ಅಳೆದು ಮನಸ್ಸು ಕೆಡಿಸಿಕೊಳ್ಳುವುದು ಬೇಡ.

ಎತ್ತರವನ್ನೂ ವರ್ಷಕ್ಕೊಮ್ಮೆ ಅಳೆಸು. ಸ್ಟಿರಾಯ್ಡಿನಿಂದ ಬೆನ್ನೆಲುಬು ಕುಸಿದರೆ ಎತ್ತರ ಇಳಿಯುತ್ತದೆ, ಲೆಕ್ಕವೆಲ್ಲ ಬದಲಾಗುತ್ತದೆ, ಆ ಕುಸಿತವೇ ಡಾಕ್ಟರಿಗೆ ತಿಳಿಯಬೇಕಾದ ವಿಷಯ. ಚಿಕ್ಕಂದಿನಲ್ಲಿ ರೇಡಿಯೇಷನ್ ಆದವರ ಮುಂಡ ಗಿಡ್ಡವಾಗಿರಬಹುದು, ಅವರಿಗೆ ಬರೀ ಬಿಎಂಐ ಇನ್ನೂ ಕಡಿಮೆ ಉಪಯೋಗದ್ದು. ಟೇಪು ಎರಡು ಮೂರು ದಿನದಲ್ಲೇ ಜಿಗಿದರೆ ಅದು ಕೊಬ್ಬಲ್ಲ. ಪಾದ ಊದಿ, ಮಲಗಿದರೆ ಉಸಿರು ಕಟ್ಟಿ, ತೂಕ ಎರಡು ಕಿಲೊ ಏರಿದ್ದರೆ ಮರುದಿನಕ್ಕೂ ಕಾಯದೆ ಆಸ್ಪತ್ರೆಗೆ ಹೋಗು. ಪ್ರಯತ್ನ ಮಾಡದೇ ಬಟ್ಟೆ ಸಡಿಲವಾಗುತ್ತಾ ಬಂದರೂ ಹಿಗ್ಗಬೇಡ. ಹಳೆಯ ಜಿವಿಎಚ್‌ಡಿ ಕರುಳಿನಲ್ಲೋ ಬಾಯಲ್ಲೋ ಕೆಲಸ ಮಾಡುತ್ತಿರಬಹುದು, ಕಾಯಿಲೆ ಮರಳಿರಲೂಬಹುದು.

ತೊಡೆಯ ಬಲ ನೋಡಲು ಒಂದು ಕುರ್ಚಿ ಸಾಕು. ಕೈಯಿಲ್ಲದ ಗಟ್ಟಿ ಕುರ್ಚಿ, ಗೋಡೆಗೆ ಒರಗಿಸಿಡು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರು. ಏಷ್ಯಾದ ತಜ್ಞರು 2019ರಲ್ಲಿ ವಯಸ್ಸಾದವರಿಗೆ ಅಂತ ಹಾಕಿದ ಗೆರೆ 12 ಸೆಕೆಂಡು. ಅದು ನನ್ನ ವಯಸ್ಸಿನವರಿಗೆ ಮಗು. ಇಪ್ಪತ್ತೈದರ ನಿನಗೇ 12 ಸೆಕೆಂಡು ಹಿಡಿದರೆ ತೊಡೆಗೆ ಕೆಲಸ ಬೇಕು ಅಂತ ಅರ್ಥ. ಮೀನಖಂಡದ ದಪ್ಪ ಭಾಗಕ್ಕೂ ಟೇಪು ಸುತ್ತಿ ಬರೆದಿಡು. ಹೊಟ್ಟೆ ಇಳಿದು ಮೀನಖಂಡ ಏರಿದರೆ ನೀನು ಸರಿದಾರಿಯಲ್ಲಿದ್ದೀಯ, ತೂಕ ಒಂದು ಗ್ರಾಮೂ ಅಲುಗದಿದ್ದರೂ.

ತೊಡೆಗೆ ಕೆಲಸ ಕೊಡುವುದು ಅಂದರೆ ಜಿಮ್ಮಿಗೆ ಓಡುವುದಲ್ಲ. ಪ್ಲೇಟ್‌ಲೆಟ್ ಸಾಕಷ್ಟಿದೆಯಾ, ಹೃದಯದ ಎಕೋ ಹೇಗಿದೆ ಅಂತ ಡಾಕ್ಟರ ಹತ್ತಿರ ಕೇಳಿಕೊಂಡು ಅದೇ ಕುರ್ಚಿಯಿಂದ ಶುರುಮಾಡು. ಆಮೇಲೆ ಮೆಟ್ಟಿಲು, ನೀರು ತುಂಬಿದ ಬಾಟಲಿ ಎತ್ತುವುದು, ಗೋಡೆಗೆ ಕೈಯಿಟ್ಟು ತಳ್ಳುವುದು. ವಾರಕ್ಕೆ ಎರಡು ದಿನವಾದರೂ ಇವು ಬೇಕು, ಜೊತೆಗೆ ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ಕರಗಿದ ಮಾಂಸಖಂಡ ಬರೀ ನಡಿಗೆಯಿಂದ ವಾಪಸು ಬರುವುದಿಲ್ಲ. ಬಿಸಿಲು ಚರ್ಮದ ಜಿವಿಎಚ್‌ಡಿಯನ್ನು ಕೆರಳಿಸಬಲ್ಲದು, ಆದ್ದರಿಂದ ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ನಡೆ. ತೊಡೆಸಂದಿಯಲ್ಲಿ ನೋವು ಬಂದರೆ ವ್ಯಾಯಾಮದ ನೋವು ಅಂತ ಸಹಿಸಬೇಡ. ಸ್ಟಿರಾಯ್ಡ್ ತಿಂದವರ ಸೊಂಟದ ಕೀಲಿನ ಮೂಳೆಗೆ ರಕ್ತ ಸಾಲದೆ ಅದು ಸಾಯುವುದುಂಟು, ಎಂಆರ್‌ಐ ಬೇಕಾಗುತ್ತದೆ.

ಊಟದ ವಿಷಯದಲ್ಲಿ ನಿನ್ನ ಅಮ್ಮ, ಅಜ್ಜಿಯರ ಜೊತೆ ಮೃದುವಾಗಿ ಮಾತಾಡಬೇಕು. ಅವರು ನಿನ್ನನ್ನು ತೂಕ ಇಳಿದು ಸೊರಗಿದ್ದಾಗ ನೋಡಿದವರು. ತಟ್ಟೆಗೆ ಇನ್ನೊಂದು ಸೌಟು ತುಪ್ಪ, ಲೋಟಕ್ಕೆ ಇನ್ನೆರಡು ಚಮಚ ಶಕ್ತಿಪುಡಿ ಹಾಕುವಾಗ ಅವರ ಕಣ್ಣ ಮುಂದೆ ಇರುವುದು ಆ ದಿನಗಳು. ಮೊದಲ ತಿಂಗಳುಗಳಲ್ಲಿ ಅದು ಸರಿಯೇ ಇತ್ತು. ಎರಡನೇ ವರ್ಷಕ್ಕೆ ಅದು ಬೇಡ. ಅನ್ನದ ರಾಶಿ ಅರ್ಧವಾಗಲಿ, ಸಾರಿನ ತಿಳಿ ಬಿಟ್ಟು ತಳದ ಕಾಳು ತಟ್ಟೆಗೆ ಬರಲಿ. ಹುರುಳಿ, ಹೆಸರು, ಅವರೆ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಮಾಂಸಖಂಡ ಕಟ್ಟಲು ಇದು ಬೇಕು. ಉಪ್ಪು ದಿನಕ್ಕೆ ಒಟ್ಟು ಐದು ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚ ಮುಟ್ಟಬಾರದು, ಉಪ್ಪಿನಕಾಯಿ ಹಪ್ಪಳ ಸೇರಿ. ‘ಮೈಕೈ ತುಂಬಿಕೊಂಡಿದ್ದಾನೆ’ ಅಂತ ನೆಂಟರು ಹೊಗಳಿದರೆ ನಕ್ಕು ಸುಮ್ಮನಾಗು, ಮನೆಗೆ ಬಂದು ಟೇಪು ನೋಡು.

ಚಕ್ಕೋತದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ದೇವನಹಳ್ಳಿಯ ಕಡೆಯವರು ಯಾರಾದರೂ ಪ್ರೀತಿಯಿಂದ ತಂದುಕೊಟ್ಟಾರು. ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವಷ್ಟು ಕಾಲ ಅದನ್ನು ಮುಟ್ಟಬೇಡ. ಆ ಔಷಧಿಗಳು ಮೈಯಿಂದ ಹೊರಹೋಗುವುದನ್ನು ಆ ಹಣ್ಣು ತಡೆದು ರಕ್ತದಲ್ಲಿ ಮಟ್ಟ ಏರಿಸುತ್ತದೆ, ಮೂತ್ರಪಿಂಡಕ್ಕೆ, ಬಿಪಿಗೆ ಕೇಡು. ಕೊಲೆಸ್ಟ್ರಾಲ್ ಮಾತ್ರೆಯಲ್ಲೂ ಎಚ್ಚರ ಬೇಕು. ಸಿಮ್ವಾಸ್ಟಾಟಿನ್ ಮತ್ತು ಸೈಕ್ಲೋಸ್ಪೊರಿನ್ ಒಟ್ಟಿಗೆ ಹೋಗಲೇಬಾರದು, ಫಂಗಸ್ಸಿಗೆ ಕೊಡುವ ಕೆಲವು ಮಾತ್ರೆಗಳ ಜೊತೆಯೂ ಸ್ಟಾಟಿನ್‌ಗಳು ಸ್ನಾಯುವನ್ನು ಹಾಳುಮಾಡಬಲ್ಲವು. ಮನೆ ಹತ್ತಿರದ ಡಾಕ್ಟರು ಏನೇ ಬರೆದುಕೊಟ್ಟರೂ ಕಸಿ ಡಾಕ್ಟರಿಗೆ ಒಂದು ಫೋನ್ ಮಾಡಿಯೇ ನುಂಗು. ಹೊಟ್ಟೆ ಬಂತು, ಮುಖ ಊದಿತು ಅಂತ ಸ್ಟಿರಾಯ್ಡನ್ನು ನೀನಾಗೇ ನಿಲ್ಲಿಸಬೇಡ. ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಡಾಕ್ಟರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ಕಸಿಯ ನಂತರ ಮುಟ್ಟು ನಿಂತಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಮಕ್ಕಳಾಗುವ ಪ್ರಶ್ನೆಯಷ್ಟೇ ಅದರಲ್ಲಿಲ್ಲ. ಇಪ್ಪತ್ತೈದಕ್ಕೇ ಹಾರ್ಮೋನು ನಿಂತರೆ ಮೂಳೆ ತೆಳುವಾಗುತ್ತದೆ, ಹೊಟ್ಟೆಗೆ ಕೊಬ್ಬು ಸೇರುತ್ತದೆ, ಹೃದಯಕ್ಕಿದ್ದ ರಕ್ಷಣೆ ಬೇಗ ಹೋಗುತ್ತದೆ. ಹಾರ್ಮೋನ್ ಮಾತ್ರೆ ಬೇಕೇ ಅನ್ನುವುದನ್ನು ಸ್ತ್ರೀರೋಗ ತಜ್ಞರೂ ಕಸಿ ಡಾಕ್ಟರೂ ಸೇರಿ ತೀರ್ಮಾನಿಸಬೇಕು. ನೀವು ಬಾಯಿ ಬಿಟ್ಟರೆ ತಾನೇ ಅವರಿಗೆ ಗೊತ್ತಾಗುವುದು.

ಬೀಡಿ, ಸಿಗರೇಟು, ಗುಟ್ಕಾ ಯಾವುದೂ ಬೇಡ. ಕಸಿಯಾದವರಿಗೆ, ಅದರಲ್ಲೂ ಬಾಯಲ್ಲಿ ಜಿವಿಎಚ್‌ಡಿ ಇದ್ದವರಿಗೆ, ಬಾಯಿ ಕ್ಯಾನ್ಸರಿನ ಭಯ ಮೊದಲೇ ಹೆಚ್ಚು. ಗೆಳೆಯನಿಗೆ ಒಂದು ಪಾಲು ಕೇಡಾಗುವಲ್ಲಿ ನಿನಗೆ ಹಲವು ಪಾಲು.

ರಕ್ತನಾಳದ ಲೆಕ್ಕಗಳನ್ನು ಕಸಿಯಾದ ಮೂರು ತಿಂಗಳಿಗೇ ಶುರುಮಾಡಬೇಕು ಅಂತ ಅಂತಾರಾಷ್ಟ್ರೀಯ ಸಲಹೆ ಇದೆ. ಕೊಲೆಸ್ಟ್ರಾಲ್, ಶುಗರ್ ಆಗಲೇ ನೋಡಬೇಕು, ಸ್ಟಿರಾಯ್ಡಿನಲ್ಲಿರುವವರಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು, ಬಿಪಿ ಪ್ರತಿ ಭೇಟಿಯಲ್ಲೂ. ಈ ಪರೀಕ್ಷೆಗಳಿಗೆಲ್ಲ ಆಧಾರ ನಿನ್ನ ಫೈಲು. ಕೆಂಪು ಕೀಮೋ ಒಟ್ಟು ಎಷ್ಟು ಮಿಲಿಗ್ರಾಂ ಹೋಗಿದೆ, ರೇಡಿಯೇಷನ್ ಎಷ್ಟು ಗ್ರೇ, ಯಾವ ಭಾಗಕ್ಕೆ, ಸ್ಟಿರಾಯ್ಡ್ ಎಷ್ಟು ತಿಂಗಳು ಅನ್ನುವುದನ್ನು ಡಿಸ್ಚಾರ್ಜ್ ಸಮರಿಯಲ್ಲಿ ಬರೆಸಿಕೋ. ಫೋನಿನಲ್ಲೂ ಒಂದು ಫೋಟೊ ಇರಲಿ. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ, ಮಧ್ಯರಾತ್ರಿ ಎದೆ ಹಿಡಿದುಕೊಂಡಾಗ ಅಲ್ಲಿಯ ಡ್ಯೂಟಿ ಡಾಕ್ಟರಿಗೆ ನಿನ್ನ ವಯಸ್ಸು ಮಾತ್ರ ಕಾಣುತ್ತದೆ, ಚಿಕ್ಕವನು, ಗ್ಯಾಸ್ ಇರಬೇಕು ಅನ್ನಿಸಬಹುದು. ‘ನನಗೆ ಕಸಿಯಾಗಿದೆ, ಇಸಿಜಿ ಮಾಡಿ’ ಅಂತ ನೀನೇ ಹೇಳಬೇಕು.

ಮುಂದಿನ ಸಲ ಓಪಿಡಿಗೆ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ರಕ್ತದ ರಿಪೋರ್ಟ್ ನೋಡಿ ಎಲ್ಲ ಚೆನ್ನಾಗಿದೆ ಅಂತ ಡಾಕ್ಟರು ಅಂದ ಮೇಲೆ ಕುರ್ಚಿಯಿಂದ ಏಳಬೇಡ. ಪುಟ ತೆರೆದು ತೋರಿಸು: ಹೊಟ್ಟೆ ಆರು ತಿಂಗಳಲ್ಲಿ ಇಷ್ಟು ಏರಿದೆ, ಮನೆಯಲ್ಲಿ ಅಳೆದ ಬಿಪಿ ಇಷ್ಟಿದೆ, ಎಕೋ ಮಾಡಿಸಿ ಇಷ್ಟು ದಿನವಾಯಿತು, ಮುಂದೇನು ಮಾಡಬೇಕು ಡಾಕ್ಟರೇ ಅಂತ ಕೇಳು. ಅವರು ಉತ್ತರ ಹೇಳಿದ ಮೇಲೆ ಅದನ್ನೂ ಅದೇ ಪುಟದಲ್ಲಿ ಬರೆದುಕೊಂಡು ಬಾ.